ಗಡಿಯಾರಪ್ಪನ ಜೊತೆ ಹದಿನೆಂಟು ದಿನ

ಮೇ ೬, ಬೆಳಿಗ್ಗೆ ೬-೨೦

ಸಾಕ್ಸ್ ಇವತ್ತೂ ಒಣಗಿಲ್ಲ. ಕಿಟಕಿಗೆ ನೇತು ಹಾಕಿದ್ದೆ. ಯಾರೋ ಪುಣ್ಯಾತ್ಮರು ಕಿಟಕಿ ತೆಗೆದಿದಾರೆ, ಒಂದು ಕೆಳಗೆ ಬೀದಿಗೆ ಬಿದ್ದಿದೆ. ಇಲ್ಲಿಂದ ಕಾಣುತ್ತೆ. ಇಳಿದು ಹೋಗಿ ತರಬೇಕು.

ಹಾಸ್ಟೆಲ್ ಅಂತೆ, ಪರದೇಶಕ್ಕೆ ಟೂರು ಬಂದವರಿಗೆ. ಒಂದೇ ರೂಮಿಗೆ ಎಂಟು ಜನ, ಮಂಚದ ಮೇಲೆ ಮಂಚ. ನನಗೆ ಮೇಲಿನದು. ಐವತ್ತೊಂದನೇ ವಯಸ್ಸಲ್ಲಿ ಏಣಿ ಹತ್ತೋ ಯೋಗ! ಕೆಳಗಿನ ಮಂಚದಲ್ಲಿ ನನ್ನ ಯಜಮಾನರು, ಗಡಿಯಾರಪ್ಪ, ಕೂತು ವಾಚಿಗೆ ಕೀ ಕೊಡ್ತಾ ಇದಾರೆ. ಮೂವತ್ತು ವರ್ಷದಿಂದ ವಾಚ್ ರಿಪೇರಿ. ಬಂದಿಳಿದ ದಿನ ಏರ್‌ಪೋರ್ಟಿನ ಗಡಿಯಾರ ನೋಡಿ ಮುಳ್ಳು ತಿರುಗಿಸಿದ್ದೇ ಕೊನೆ. ಇನ್ನು ಬ್ರಹ್ಮ ಬಂದು ಟೈಮ್ ಹೇಳಿದರೂ ನಂಬಲ್ಲ.

ಮದುವೆಯಾಗಿ ಐದು ತಿಂಗಳು. ಇಬ್ಬರಿಗೂ ಎರಡನೇದು. ಸಹಿ ಹಾಕಿದ ದಿನವೇ ಅವರು ಅವರ ಮನೆಗೆ, ನಾನು ನನ್ನ ಟೈಲರಿಂಗ್ ಅಂಗಡಿ ಮೇಲಿನ ರೂಮಿಗೆ. ಸಂಜೆ ಊಟ ಒಟ್ಟಿಗೆ, ಆಮೇಲೆ ಟಾಟಾ. ಜನ ನಗ್ತಾರೆ. ನಗಲಿ. ಹನ್ನೊಂದು ವರ್ಷ ಒಬ್ಬಳೇ ಇದ್ದು ಅಭ್ಯಾಸ ಆಗಿದೆ. ಅದಕ್ಕೆ ಮುಂಚೆ ಮೊದಲನೆಯವರ ಜೊತೆ... ಹಾಲು ಉಕ್ಕಿದರೂ ನನ್ನ ತಪ್ಪು, ಬಸ್ ತಪ್ಪಿದರೂ ನನ್ನ ತಪ್ಪು. ಮತ್ತೆ ಒಂದೇ ಸೂರಿನಡಿ ಅಂದರೆ ಭಯ.

ವಿಮಾನ ಹತ್ತೋ ಮುಂಚೆ ಇವರು ಕೇಳಿದರು: "ಟೈಲರಮ್ಮ, ವಾಪಸ್ ಹೋದ ಮೇಲೆ ಒಂದೇ ಮನೇಲಿ ಇರೋಣ್ವಾ? ಈಗ್ಲೇ ಹೇಳಬೇಡಿ. ಹದಿನೆಂಟು ದಿನ ನನ್ನನ್ನ ನೋಡಿ. ಕೊನೇ ದಿನ ಹೇಳಿ."

ನೋಡ್ತಾ ಇದೀನಿ. ಮೇಲಿನ ಮಂಚದಿಂದ ಸದ್ಯಕ್ಕೆ ಕಾಣೋದು ಬೋಳುತಲೆ ಮಾತ್ರ.

ಮೇ ೭, ಮಧ್ಯಾಹ್ನ

ಹಾಸ್ಟೆಲ್ ಅಡುಗೆಮನೇಲಿ ಒಂದು ಹುಡುಗಿ ಬ್ಯಾಗಿನ ಪಟ್ಟಿ ಕಿತ್ತುಹೋಯ್ತು ಅಂತ ಅಳ್ತಾ ಕೂತಿದ್ದಳು. ಸೂಜಿ ತೆಗೆದೆ. ಕತ್ತರಿ ಏರ್‌ಪೋರ್ಟಲ್ಲೇ ಕಿತ್ತುಕೊಂಡಿದ್ರು, ಹಲ್ಲಲ್ಲೇ ದಾರ ಕಡಿದು ಹೊಲಿದೆ. ಮುಗಿಸೋದರೊಳಗೆ ನಾಲ್ಕು ಜನ ಕ್ಯೂ! ಜಿಪ್ಪು, ಗುಂಡಿ, ಒಬ್ಬನ ಪ್ಯಾಂಟು — ಎಲ್ಲಿ ಹರಿದಿತ್ತು ಅಂತ ಬರೆಯಲ್ಲ. ಇವರು ಪಕ್ಕದಲ್ಲಿ ಕೂತು ದಾರ ಪೋಣಿಸಿ ಪೋಣಿಸಿ ಕೊಟ್ಟರು. "ನಮ್ಮ ಟೈಲರಮ್ಮ," ಅಂತ ಎಲ್ಲರಿಗೂ ಕನ್ನಡದಲ್ಲೇ ಪರಿಚಯ. ಅವರೂ "ಟೈಲಮ್ಮಾ ಟೈಲಮ್ಮಾ" ಅಂತ ಶುರು.

ಹೊಲಿಗೆಗೆ ಕೂಲಿ ಒಂದು ಇಡೀ ಚಾಕಲೇಟ್ ಕೇಕು. ಮೆಟ್ಟಿಲ ಮೇಲೆ ಕೂತು ಇಬ್ಬರೇ ತಿಂದು ಮುಗಿಸಿದ್ವಿ. ಶುಗರ್ ಗಿಗರ್ ಎಲ್ಲ ಊರಿಗೆ ಹೋದ ಮೇಲೆ.

ಮೇ ೯

ಕಾಲು ಬೊಬ್ಬೆ. "ಇಲ್ಲೇ, ಹತ್ತೇ ನಿಮಿಷ" ಅಂದವರು ಎರಡು ಗಂಟೆ ನಡೆಸಿದ್ರು. ನಕ್ಷೆ ತಲೆಕೆಳಗಾಗಿ ಹಿಡಿದಿದ್ದರು. ಚೌಕದ ಕಾರಂಜಿ ಕಂಡಿದ್ದೇ ಶೂ ಬಿಚ್ಚಿ ಕಾಲಿಟ್ಟೆ. ಸ್ವರ್ಗ! ಕಾವಲುಗಾರ ಸೀಟಿ ಊದಿದ. ಇವರು ಅವನ ಹತ್ತಿರ ಹೋಗಿ, ಕೈ ಮುಗಿದು, ನನ್ನ ಬೊಬ್ಬೆ ತೋರಿಸಿ ಏನೇನೋ ಅಭಿನಯ ಮಾಡಿದ್ರು. ಅವನು ಆ ಕಡೆ ತಿರುಗಿ ನಿಂತ. ನೋಡಿಲ್ಲ ಅನ್ನೋ ಹಾಗೆ.

ತಂಗಿ ಫೋನು. "ಏನಕ್ಕಾ, ತೀರ್ಮಾನ ಆಯ್ತಾ?"

"ಗೊರಕೆ ಹೊಡೀತಾರೆ ಕಣೇ."

"ಭಾವನ ಗೊರಕೆ ಬಿಡು. ನಿನ್ನ ಭಯ ಹೋಯ್ತಾ, ಅದು ಹೇಳು."

ಸಿಗ್ನಲ್ ಇಲ್ಲ ಅಂದು ಇಟ್ಟೆ. ಸಿಗ್ನಲ್ ಇತ್ತು.

ಮೇ ೧೨, ಸಂಜೆ ೫

ಹಾಳಾದ ವಾಚು. ಹಾಳಾದ ಮನುಷ್ಯ. ಈ ಲಾಡ್ಜ್ ನಡೆಸೋ ಅಜ್ಜಿ ಹತ್ತಿರ ಪೆನ್ನು ಈಸ್ಕೊಂಡು, ಬಿಲ್ಲಿನ ಹಿಂದೆ ಬರೀತಾ ಇದೀನಿ. ಡೈರಿ ಬ್ಯಾಗಲ್ಲಿದೆ. ಬ್ಯಾಗು ಬೋಟಲ್ಲಿದೆ. ಬೋಟು ಸರೋವರದ ಆಚೆ ದಡದಲ್ಲಿದೆ!

ನಿನ್ನೆ ಬಸ್ಸಲ್ಲಿ ಗಡಿ ದಾಟಿ ಇನ್ನೊಂದು ದೇಶಕ್ಕೆ ಬಂದ್ವಿ. ಇಲ್ಲಿಯ ಪ್ಲಗ್ಗಿಗೆ ನಮ್ಮ ಚಾರ್ಜರ್ ಕೂರಲ್ಲ, ಫೋನ್ ಸತ್ತಿದೆ. ಬೆಳಿಗ್ಗೆ ಏಳಕ್ಕೆಲ್ಲಾ ಅಂಗಡಿ ತೆರೆದಿದ್ದು ನೋಡಿ ಇವರಿಗೆ ಸಂತೋಷ. "ನೋಡಿದ್ರಾ, ಈ ಊರಿನವರು ಎಷ್ಟು ಬೇಗ ಏಳ್ತಾರೆ! ಶಿಸ್ತು ಅಂದ್ರೆ ಇದು." ಬೋಟು ಹನ್ನೊಂದಕ್ಕೆ. ಬೇಗ ಹೋಗಿ ಬ್ಯಾಗ್ ಬೋಟಿನವರ ಸಾಮಾನು ಗಾಡಿಗೆ ಹಾಕಿಸಿದ್ವಿ. ಇವರು ಕನ್ನಡಕ, ಕೋಟು, ನನ್ನ ಸ್ವೆಟರು, ಎಲ್ಲ ಅದರಲ್ಲೇ ತುಂಬಿಸಿದರು. ಹಗುರಾಗಿ ಓಡಾಡೋಣ ಅಂತ. ಟಿಕೆಟ್ ಮನೆ ಗಡಿಯಾರ ಒಂದು ಗಂಟೆ ಮುಂದೆ ಇತ್ತು.

"ರೀ, ಗಡಿಯಾರ ನೋಡಿ."

"ಕೆಟ್ಟಿದೆ ಅದು. ಸ್ಪ್ರಿಂಗ್ ಬಿಗಿ ಜಾಸ್ತಿ ಆಗಿರಬೇಕು, ಪಾಪ." ಪಾಪ ಅಂತೆ! ಒಂದು ಏಣಿ ಕೊಟ್ಟಿದ್ರೆ ಹತ್ತಿ ಬಿಚ್ಚೇ ಬಿಡ್ತಿದ್ರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆರಾಮಾಗಿ ಟೀ ಕುಡಿದು, ಇವರ ವಾಚಿನ ಹತ್ತೂವರೆಗೆ ವಾಪಸ್ ಬಂದ್ವಿ. ದಡ ಖಾಲಿ. ದೂರದಲ್ಲಿ ಬೋಟು, ಬೆರಳುದ್ದ. ಟಿಕೆಟ್ ಹೆಂಗಸು ತನ್ನ ಫೋನ್ ತೋರಿಸಿದಳು. ಹನ್ನೊಂದೂವರೆ. ಗಡಿ ದಾಟಿದರೆ ಟೈಮೂ ಒಂದು ಗಂಟೆ ಮುಂದಕ್ಕೆ ಅಂತೆ.

ಇನ್ನು ಶುರುವಾಗುತ್ತೆ ಅಂತ ನಿಂತೆ. ನೀನು ಬೇಗ ಬೇಗ ನಡೀಲಿಲ್ಲ, ನೀನು ಎರಡನೇ ಟೀ ಕೇಳಿದೆ, ನಿನ್ನಿಂದಲೇ...

ಇವರು ಆ ಹೆಂಗಸಿಗೆ ಗಡಿಯಾರ ತೋರಿಸಿದ್ರು, ತಮ್ಮ ವಾಚ್ ತೋರಿಸಿದ್ರು, ಪಟ್ ಅಂತ ತಮ್ಮ ತಲೆಗೇ ಹೊಡ್ಕೊಂಡ್ರು. "ತಪ್ಪು ನಂದೇ. ಮೂವತ್ತು ವರ್ಷದ ರಿಪೇರಿಯವನು, ಟೈಮ್ ಎಷ್ಟು ಅಂತ ಗೊತ್ತಿಲ್ಲ!" ಅವಳು ನಕ್ಕಳು. ಇವರೂ ನಕ್ಕರು. ನನಗೆ ಮಾತ್ರ ಪಿತ್ತ ನೆತ್ತಿಗೇರಿತು.

"ನಾನೊಬ್ಬಳೇ ಬಂದಿದ್ರೆ ಚೆನ್ನಾಗಿತ್ತು."

ಅಂದುಬಿಟ್ಟೆ. ಜೋರಾಗಿ. ನಗು ನಿಂತುಹೋಯ್ತು. "ಹೌದು," ಅಂದ್ರು ಮೆತ್ತಗೆ. ಬೆಂಚಿಗೆ ಹೋಗಿ ಕೂತರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನನಗೇ ಬೇಜಾರು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಲ್ಲಿ ಹೋಗಿ ಕೂತೆ. ಇವರು ವಾಚ್ ಬಿಚ್ಚಿ, ಕೀ ಎಳೆದು, ಆ ಬಯ್ಸಿಕೊಂಡ ಗಡಿಯಾರವನ್ನೇ ನೋಡ್ತಾ ಮುಳ್ಳು ಮುಂದಕ್ಕೆ ತಿರುಗಿಸಿದ್ರು. ಆಮೇಲೆ ನನ್ನ ಮುಂದೆ ಹಿಡಿದ್ರು. "ಕನ್ನಡಕ ಬೋಟಲ್ಲಿ ಹೋಯ್ತು. ನೀವು ನೋಡಿ ಹೇಳಿ ಟೈಲರಮ್ಮ. ಸರಿಯಾಯ್ತಾ?"

ಎರಡು ನಿಮಿಷ ಹಿಂದಿತ್ತು. ಸರಿಯಾಗಿದೆ ಅಂದೆ.

ಮೇ ೧೨, ೭ ಗಂಟೆ. ಇನ್ನೂ ಬೆಳಕಿದೆ

ಕೋಪ ಇಳಿದಿದೆ. ಪಾಸ್‌ಪೋರ್ಟು, ದುಡ್ಡು ಇಬ್ಬರ ಸೊಂಟದ ಒಳಜೇಬಲ್ಲೇ ಇದೆ. ಜೇಬು ಹೊಲಿದದ್ದು ಯಾರು ಅಂತ ಇವರು ಲಾಡ್ಜಿನ ಅಜ್ಜಿಗೂ ಹೇಳಿ ಆಯ್ತು. ಟಿಕೆಟ್ ಹೆಂಗಸು ಆಚೆ ದಡಕ್ಕೆ ಫೋನ್ ಮಾಡಿದಾಳೆ, ಬ್ಯಾಗ್ ಎತ್ತಿಡ್ತಾರಂತೆ. ನಾಳೆ ಹನ್ನೊಂದರ ಬೋಟಿಗೆ ಹೊಸ ಟಿಕೆಟ್ ಆಯ್ತು.

ಬೆನ್ನ ಮೇಲೆ ಭಾರ ಇಲ್ಲದೆ ಊರೆಲ್ಲ ಸುತ್ತಿದ್ವಿ. ಎರಡು ಬ್ರಷ್ಷು, ಒಂದು ಬಾಚಣಿಗೆ ತಗೊಂಡ್ವಿ. ಒಂದೇ ಸಾಕು, ಬೋಳುತಲೆಗೆ ಯಾಕೆ? ಅಜ್ಜಿ ಮಲಗೋಕೆ ಅಂತ ತನ್ನ ಗಂಡನ ಎರಡು ಅಂಗಿ ಕೊಟ್ಟಳು. ಆ ಮಹಾನುಭಾವ ಆನೆ ಗಾತ್ರ ಇರಬೇಕು. ಇವರಿಗೆ ಪಾದದವರೆಗೆ ಬರುತ್ತೆ, ಪಾದ್ರಿ ತರಹ. ನನ್ನದರಲ್ಲಿ ಇನ್ನೊಬ್ಬ ಹೆಂಗಸು ಹಿಡೀತಾಳೆ. ಕನ್ನಡಿ ಮುಂದೆ ನಿಂತು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದಾಯ್ತು. ಇಷ್ಟು ನಕ್ಕು ಎಷ್ಟು ವರ್ಷ ಆಗಿತ್ತೋ.

ಮೇ ೧೩, ಬೋಟಿನ ಮೇಲೆ

ಇವತ್ತಿನ ತಪ್ಪು ನನ್ನದು. ಅಪ್ಪಟ ನನ್ನದು.

ಟಿಕೆಟ್ ಮುದುರಿತ್ತು. ಅಂಗಡೀಲಿ ಕಟಿಂಗ್ ಪೇಪರ್ ಮುದುರಿದರೆ ಹಾಸಿಗೆ ಅಡಿ ಇಡೋದು ನನ್ನ ಅಭ್ಯಾಸ, ಬೆಳಿಗ್ಗೆ ಹೊತ್ತಿಗೆ ಇಸ್ತ್ರಿ ಆಗಿರುತ್ತೆ. ಹಾಗೇ ರಾತ್ರಿ ಲಾಡ್ಜಿನ ಹಾಸಿಗೆ ಕವರೊಳಗೆ ಇಟ್ಟೆ. ಬೋಟಿನ ಬಾಗಿಲಲ್ಲಿ ಟಿಕೆಟ್ ಕೇಳಿದಾಗ ನೆನಪಾಯ್ತು. ಹಿಂದೆ ಉದ್ದ ಕ್ಯೂ. ನಿನ್ನೆ ನಾನು ಆಡಿದ ಮಾತು ಈಗ ವಾಪಸ್ ಬರುತ್ತೆ, ಬಡ್ಡಿ ಸಮೇತ, ಅಂದ್ಕೊಂಡೆ. ಬಂದರೂ ತಪ್ಪಿಲ್ಲ.

"ಎಲ್ಲಿಟ್ಟಿದ್ರಿ?"

"ಹಾಸಿಗೆ... ಹಾಸಿಗೆ ಒಳಗೆ."

"ಇನ್ನೂ ಇಪ್ಪತ್ತು ನಿಮಿಷ ಇದೆ. ಅವರ ಗಡಿಯಾರದಲ್ಲೇ ನೋಡಿದೀನಿ!" ಅಂದವರೇ ಓಟ. ಐವತ್ತೆಂಟು ವಯಸ್ಸಿನ ಓಟ.

ಕಾದೆ. ಹದಿನೈದು ನಿಮಿಷಕ್ಕೆ ರಸ್ತೆ ತುದೀಲಿ ಒಂದು ಹಾಸಿಗೆ ಓಡಿ ಬರ್ತಾ ಇತ್ತು. ಕೆಳಗೆ ಇವರ ಕಾಲು. ಹಿಂದೆ ಅಜ್ಜಿ, ಕೈಯಲ್ಲಿ ಪೊರಕೆ, ಬೈಕೊಂಡು! ಕನ್ನಡಕ ಇಲ್ಲ, ಕವರಿನ ಜಿಪ್ಪು ಕಾಣಿಸಲಿಲ್ಲವಂತೆ. ಇಡೀ ಹಾಸಿಗೇನೇ ತಲೆ ಮೇಲೆ ಹೊತ್ತು ತಂದಿದ್ದರು. ನಾನು ಜಿಪ್ಪು ಎಳೆದೆ, ಟಿಕೆಟ್ ತೆಗೆದೆ. ಗರಿ ಗರಿ ಇಸ್ತ್ರಿ. ಕ್ಯೂನವರೆಲ್ಲ ಚಪ್ಪಾಳೆ. ವಿಷಯ ತಿಳಿದ ಮೇಲೆ ಅಜ್ಜಿಗೂ ನಗು ತಡೆಯೋಕಾಗಲಿಲ್ಲ. ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಕೊಂಡು ಟಾಟಾ ಮಾಡಿದಳು.

ಈಗ ಇವರು ಎದುರಿಗೆ ಕೂತು ಬಿಸಿಲು ಕಾಯಿಸ್ಕೊಳ್ತಾ ಇದಾರೆ. ಇನ್ನೂ ಏನೂ ಅಂದಿಲ್ಲ.

ಸಂಜೆ ೬

ಬ್ಯಾಗ್ ಸಿಕ್ತು. ಒಂದು ಗುಂಡಿ ಕೂಡ ಹೋಗಿಲ್ಲ. ಇವರು ಇನ್ನೂ ಏನೂ ಅಂದಿಲ್ಲ. ನಾನೇ ಕೆಣಕಿದೆ. "ಟಿಕೆಟ್ ವಿಷಯ ಏನೂ ಅನ್ನಲ್ವಾ?"

"ಏನನ್ನಲಿ? ಮೂರು ಜನ್ಮಕ್ಕಾಗೋ ಕಥೆ ಕೊಟ್ಟಿದೀರಿ. ಅಂಗಡೀಲಿ ಗಿರಾಕಿಗಳಿಗೆಲ್ಲ ಹೇಳೋದೇ."

ಬಾತ್‌ರೂಮಿಗೆ ಹೋಗಿ ಸ್ವಲ್ಪ ಅತ್ತೆ. ದುಃಖಕ್ಕಲ್ಲ. ಹದಿನಾಲ್ಕು ವರ್ಷ ಬೈಸ್ಕೊಂಡವಳಿಗೆ ಬೈಗುಳ ಬರದೇ ಇದ್ರೆ ಏನು ಮಾಡಬೇಕು ಅಂತಾನೇ ಗೊತ್ತಾಗಲ್ಲ.

ಮೇ ೧೯

ಐದು ದಿನ ಬರೆದಿಲ್ಲ. ಬರೆಯೋಕೆ ಪುರುಸೊತ್ತು ಎಲ್ಲಿ? ಬಾಡಿಗೆ ಸೈಕಲ್ಲು, ಒಂದೇ ಸೈಕಲ್ಲಿಗೆ ಎರಡು ಸೀಟು. ಮುಂದೆ ನಾನು. ಹಿಂದೆ ಇವರು ಪೆಡಲ್ ತುಳೀತಾ ಇಲ್ಲ ಅಂತ ಏರು ಹತ್ತಿ ಮುಗಿದ ಮೇಲೆ ಗೊತ್ತಾಯ್ತು, ಕಳ್ಳ! ಬೈದೆ. ಬೈತಾ ಇರೋವಾಗಲೇ ನಗು ಬಂತು. ಒಂದು ದಿನ ಇಡೀ ಮಲಗಿಯೇ ಕಳೆದ್ವಿ, ಯಾರಿಗೂ ಏನೂ ನೋಡಬೇಕು ಅನಿಸಲಿಲ್ಲ.

ಇವರು ಆ ಪ್ರಶ್ನೆ ಮತ್ತೆ ಎತ್ತಿಲ್ಲ. ಒಂದು ಸಲಾನೂ.

ಮೇ ೨೨, ಮಧ್ಯಾಹ್ನ, ಏರ್‌ಪೋರ್ಟು

ಕೊನೇ ದಿನ. ಹೇಳೋ ದಿನ. ಆಗಲೇ ಕ್ಯೂನಲ್ಲಿ ನಿಂತಿದ್ದಾಗ ಇವರೇ ಶುರು ಮಾಡಿದ್ರು, ಮುಖ ನೋಡದೆ. "ಟೈಲರಮ್ಮ, ಇಲ್ಲ ಅಂದ್ರೂ ಪರವಾಗಿಲ್ಲ. ಎರಡು ಮನೆ ಇದ್ರೂ ನಾನು ಸಂಜೆ ಊಟಕ್ಕೆ ಬಂದೇ ಬರ್ತೀನಿ."

ಸಿಟ್ಟು ಬಂತು. ಹದಿನೆಂಟು ದಿನ ನಾನು ತಲೆ ಕೆಡಿಸ್ಕೊಂಡಿದ್ದು ಇದಕ್ಕಾ?

"ನಿಮ್ಮ ಮನೆಗೆ ನಾನು ಬರಲ್ಲ," ಅಂದೆ.

ಮುಖ ಸಣ್ಣಗಾಯ್ತು. "ಸರಿ," ಅಂದು ಬ್ಯಾಗಿನ ಪಟ್ಟಿ ಸರಿ ಮಾಡ್ಕೊಂಡ್ರು. ಒಂದು ನಿಮಿಷ ಹಾಗೇ ಬಿಟ್ಟೆ. ಪಾಪಿ ನಾನು.

"ನೀವು ಬನ್ನಿ ನನ್ನ ರೂಮಿಗೆ. ಪಕ್ಕದ ಗೋಡೆ ಒಡೆಸಿದರೆ ಎರಡು ರೂಮಾಗುತ್ತೆ. ಕೆಳಗೆ ಅಂಗಡೀಲಿ ನಿಮ್ಮ ಮೇಜಿಗೂ ಜಾಗ ಇದೆ. ನನಗೆ ಈಗ ಭಯ ಇಲ್ಲ ರೀ. ನಿಜ."

ಕನ್ನಡಕ ತೆಗೆದು ಒರೆಸಿದ್ರು. ಮತ್ತೆ ಒರೆಸಿದ್ರು. ಹಿಂದಿನವರು ಮುಂದೆ ಹೋಗಿ ಅಂತ ತಟ್ಟಿದ್ರು, ಇವರಿಗೆ ಅರಿವೇ ಇಲ್ಲ. ಆಮೇಲೆ ಮೊದಲ ಮಾತು: "ನನ್ನ ಗೋಡೆ ಗಡಿಯಾರಗಳು ಹದಿನೇಳು ಇವೆ. ಎಲ್ಲಾ ಗಂಟೆ ಹೊಡೆಯುತ್ತೆ."

"ಒಂದು ತನ್ನಿ."

"ಹತ್ತು."

ಕೂತಲ್ಲೂ ಅದೇ ಚೌಕಾಸಿ. ನಾನು ಬರೀತಾ ಇದ್ರೂ ಪಕ್ಕದಿಂದ ಪುಟಕ್ಕೆ ಬೆರಳು ತೋರಿಸ್ತಾ ಇದಾರೆ. ಐದಕ್ಕೆ ಇಳಿದಿದಾರೆ. ನಾನು ಎರಡಕ್ಕೆ ನಿಂತಿದೀನಿ. ನಮ್ಮ ವಿಮಾನಕ್ಕೆ ಕರೀತಾ ಇದಾರೆ. ಏಳ್ರೀ ಅಂದ್ರೆ ಏಳ್ತಾ ಇಲ್ಲ, ಮೊದಲು ಮೂರು ಅಂತ ಬರೆಯಿರಿ ಅಂತ ಪೆನ್ನು ಹಿಡಿದು ಎಳೀ —