ಸಕ್ಕರೆ ಮಾತ್ರೆಯ ಬಗ್ಗೆ ಪ್ರಶ್ನೆ ಕೇಳಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ

ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ನೀವು ನನ್ನಿಂದ ಕ್ಷಮಾಪಣೆ ಪತ್ರ ಕೇಳಿದ್ದೀರಿ. ವೈದ್ಯರ ಕೊಠಡಿಯಿಂದ ಎದ್ದು ಹೋಗಲು ನಿರಾಕರಿಸಿ, ಇತರ ರೋಗಿಗಳ ಅಮೂಲ್ಯ ಸಮಯವನ್ನು ಹಾಳುಮಾಡಿ, ಹೊರರೋಗಿ ವಿಭಾಗದ ಶಿಸ್ತನ್ನು ಉಲ್ಲಂಘಿಸಿದ್ದೇನೆಂದು ನಿಮ್ಮ ಕಚೇರಿ ತಿಳಿಸಿದೆ. ಕ್ಷಮೆ ಕೇಳದಿದ್ದರೆ ಮುಂದೆ ನನಗೆ ಚೀಟಿ ಕೊಡುವುದಿಲ್ಲವಂತೆ. ಪತ್ರ ತಾನೇ ಬೇಕು, ಬರೆಯುತ್ತಿದ್ದೇನೆ. ನಿಮ್ಮೊಬ್ಬರ ಮೇಜಿನ ಮೇಲೆ ಬಿದ್ದಿರುವ ಬದಲು ಎಲ್ಲರೂ ಓದಲಿ ಎಂದು ಪತ್ರಿಕೆಗೇ ಕಳಿಸುತ್ತಿದ್ದೇನೆ. ಇದರಲ್ಲಿ ಕ್ಷಮೆ ಎಲ್ಲಿದೆ ಎಂದು ಹುಡುಕುವ ಶ್ರಮ ಮಾತ್ರ ತೆಗೆದುಕೊಳ್ಳಬೇಡಿ. ನಾನು ಮಾಡಿದ ಅಪರಾಧ ಇಷ್ಟೇ: ದಿನಾ ನುಂಗುವ ಸಕ್ಕರೆ ಮಾತ್ರೆಯ ಬದಲು ಬೇರೆ ಯಾವುದಾದರೂ ಇದೆಯೇ ಎಂದು ನನ್ನ ಡಾಕ್ಟರನ್ನು ಕೇಳಿದೆ. ಉತ್ತರ ಸಿಗುವ ತನಕ ಕೂತಿದ್ದೆ.

ನಾನು ಸಲೂನ್ ನಡೆಸುವವನು. ಮಾರುಕಟ್ಟೆ ರಸ್ತೆಯಲ್ಲಿ, ಬೀಗ ರಿಪೇರಿಯವನಿಗೂ ಪಾತ್ರೆ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಕಿರಿದಾದ ಅಂಗಡಿ. ಎರಡು ಕುರ್ಚಿ. ಒಂದು ನನ್ನದು, ಇನ್ನೊಂದು ನನ್ನ ತಂಗಿಯದು. ಇಬ್ಬರಿಗೂ ಕೆಲಸ ಕಲಿಸಿದ್ದು ಅಪ್ಪ. ಅಣ್ಣ ಬಾಯಿ ಕಲಿತ, ತಂಗಿ ಕೈ ಕಲಿತಳು ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ. ಸುಳ್ಳಲ್ಲ. ಕತ್ತರಿ ಹಿಡಿದರೆ ನನಗೆ ಮಾತು ತಾನಾಗಿ ಬರುತ್ತದೆ. ಅವಳು ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ಸಂಜೆ ಹಾಕುವ ತನಕ ಆಡುವ ಮಾತೆಲ್ಲ ಒಂದು ಅಂಗೈಯಲ್ಲಿ ಹಿಡಿಯುತ್ತದೆ. ನನಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾದವು. ಅಂದಿನಿಂದ ನಿಮ್ಮ ಆಸ್ಪತ್ರೆಯ ಬೆಂಚಿಗೂ ನನಗೂ ಒಳ್ಳೆಯ ಪರಿಚಯ.

ಭಾನುವಾರ ನಮ್ಮಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಮಧ್ಯಾಹ್ನದ ಊಟ ಸಂಜೆಗೆ ಜಾರುತ್ತದೆ, ಎಷ್ಟೋ ಸಲ ಜಾರಿ ಬಿದ್ದೇ ಹೋಗುತ್ತದೆ. ಅಂಥದೊಂದು ಭಾನುವಾರ ನನ್ನ ಕುರ್ಚಿಯಲ್ಲಿ ಟೈರ್ ಅಂಗಡಿಯ ಯಜಮಾನರಿದ್ದರು. ಕೆನ್ನೆಗೆ ನೊರೆ ಹಚ್ಚಿದ ಕೂಡಲೇ ಗೊರಕೆ ಹೊಡೆಯುವವರು. ಒಬ್ಬ ಮನುಷ್ಯ ತನ್ನ ಕತ್ತನ್ನು ನಿಮ್ಮ ಕೈಗೆ ಒಪ್ಪಿಸಿ ನಿದ್ದೆ ಹೋಗುತ್ತಾನೆಂದರೆ, ನನ್ನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ಒಂದು ಕೆನ್ನೆ ಮುಗಿಸಿ ಕತ್ತಿಯನ್ನು ಗಂಟಲ ಕಡೆಗೆ ಇಳಿಸುತ್ತಿದ್ದೆ. ಫ್ಯಾನ್ ತಿರುಗುತ್ತಿದ್ದರೂ ಬೆವರು ಕಿತ್ತುಕೊಂಡು ಬಂದು ಅಂಗಿ ಬೆನ್ನಿಗೆ ಅಂಟಿತು. ಕನ್ನಡಿಯಲ್ಲಿದ್ದ ನನ್ನ ಮುಖ ಯಾರದೋ ಅನ್ನಿಸಿತು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ, ತಂಗಿ ಹೇಳಿದ್ದು. ನಾನು ಹೇಳಿದ್ದನ್ನೇ ಹೇಳುತ್ತಿದ್ದೆನಂತೆ, ಕತ್ತಿ ಹಿಡಿದ ಕೈ ಗಡಗಡ ನಡುಗುತ್ತಿತ್ತಂತೆ. ಅವಳು ತನ್ನ ಗಿರಾಕಿಯನ್ನು ಬಿಟ್ಟು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡು, "ಅಣ್ಣ, ಕತ್ತಿ ನನ್ನ ಕೈಗೆ ಕೊಡು" ಅಂದಳು. ಬಾಚಣಿಗೆ ಕೇಳುವಷ್ಟೇ ಸಲೀಸಾಗಿ ಕೇಳಿದಳಂತೆ. ಕೊಟ್ಟುಬಿಟ್ಟೆ. ನನ್ನನ್ನು ಸ್ಟೂಲ್ ಮೇಲೆ ಕೂರಿಸಿ, ನೀರಿಗೆ ಸಕ್ಕರೆ ಕಲಸಿ ಕುಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ಗೋಡೆ, ಕನ್ನಡಿ, ಜನ ಎಲ್ಲ ತಂತಮ್ಮ ಜಾಗಕ್ಕೆ ಬಂದವು.

ಯಜಮಾನರ ಕಿವಿಯ ಕೆಳಗೆ ಸಣ್ಣ ಗೀರು. ನೊರೆಯ ಮೇಲೆ ರಕ್ತ ಗುಲಾಬಿ ಬಣ್ಣವಾಗಿ ಹರಡಿತ್ತು. ಅವರು ಬೈಯಲಿಲ್ಲ, ಮೈ ಹುಷಾರಿಲ್ಲವೇ ಎಂದು ನನ್ನನ್ನೇ ವಿಚಾರಿಸಿದರು. ಈಗಲೂ ನನ್ನ ಕುರ್ಚಿಗೇ ಬರುತ್ತಾರೆ, ಅದು ಅವರ ದೊಡ್ಡತನ. ಆದರೆ ನಿದ್ದೆ ಮಾಡುವುದಿಲ್ಲ. ಕಣ್ಣು ಬಿಟ್ಟುಕೊಂಡು ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಾ ಕೂರುತ್ತಾರೆ. ಮಾನ್ಯರೇ, ಈ ನಷ್ಟವನ್ನು ನಿಮ್ಮ ಕಡತದ ಯಾವ ಕಲಂನಲ್ಲಿ ನಮೂದಿಸುತ್ತೀರಿ?

ಮಾರನೆಯ ದಿನವೇ ನಿಮ್ಮಲ್ಲಿಗೆ ಬಂದೆ. ಅಲ್ಲಿ ನೀವು ಹಾಕಿಸಿರುವ ಬೋರ್ಡು ನನ್ನನ್ನು ಸ್ವಾಗತಿಸಿತು: "ಔಷಧಿಯ ಆಯ್ಕೆ ವೈದ್ಯರಿಗೆ ಬಿಟ್ಟದ್ದು. ರೋಗಿಗಳು ಚರ್ಚಿಸಿ ಸಮಯ ವ್ಯರ್ಥ ಮಾಡಬಾರದು." ಅಕ್ಷರಗಳು ಬಹಳ ಚೆನ್ನಾಗಿವೆ, ಬರೆದವರಿಗೆ ನನ್ನ ಅಭಿನಂದನೆ ತಿಳಿಸಿ. ಒಳಗಿದ್ದ ಹಿರಿಯ ಡಾಕ್ಟರು ತಲೆಯೆತ್ತದೆ ನನ್ನ ಕಥೆ ಕೇಳಿದರು. ಹೊತ್ತುಹೊತ್ತಿಗೆ ಊಟ ಮಾಡಿ ಅಂದರು. ಅಷ್ಟರಲ್ಲಿ ಹೊರಗಿನ ಗುಮಾಸ್ತ, ನಿಮ್ಮ ಇನ್ನೊಂದು ಆವಿಷ್ಕಾರವಾದ, ರೋಗಿಯ ಸಮಯ ಮುಗಿಯಿತೆಂದು ಸಾರುವ ಬೆಲ್ ಒತ್ತಿದ. ಚೀಟಿಯ ಮೇಲೆ ಅದೇ ಮಾತ್ರೆ. ನಾನು ತಲೆಯಾಡಿಸಿ ಎದ್ದು ಬಂದೆ. ನಿಮ್ಮ ಲೆಕ್ಕದಲ್ಲಿ ಅವತ್ತು ನಾನು ಆದರ್ಶ ರೋಗಿ.

ಡಾಕ್ಟರು ಮಾತಾಡದಿದ್ದರೆ ಏನಾಗುತ್ತದೆ ಗೊತ್ತೇ? ಉಳಿದವರೆಲ್ಲ ಮಾತಾಡುತ್ತಾರೆ. ಸಲೂನಿನಲ್ಲಿ ಅದಕ್ಕೇನು ಬರ. ಒಬ್ಬರು ಯಾವುದೋ ಬೇರಿನ ಪುಡಿ ತಂದುಕೊಟ್ಟರು. ಇನ್ನೊಬ್ಬರು ಮಾತ್ರೆಗಳನ್ನೆಲ್ಲ ತಿಪ್ಪೆಗೆಸೆದು ತಮ್ಮ ಭಾವಮೈದ ಕುಡಿಯುವ ಕಷಾಯ ಕುಡಿ ಎಂದರು. ಆ ಭಾವಮೈದನ ಕಾಲಿಗೆ ಈಚೆಗೆ ಏನೋ ಗಾಯವಾಗಿದೆ, ಮಾಯುತ್ತಿಲ್ಲ ಎಂಬುದು ಮುಂದಿನ ಸಲ ಕಟಿಂಗಿಗೆ ಬಂದಾಗ ಅವರ ಬಾಯಿಂದಲೇ ಬಂತು. ಪುಡಿಯ ಪೊಟ್ಟಣವನ್ನು ತಂಗಿ ಮೌನವಾಗಿ ಕಸದ ಬುಟ್ಟಿಗೆ ಹಾಕಿದಳು. ಹಾಕದಿದ್ದರೆ ನಾನು ತಿನ್ನುತ್ತಿದ್ದೆನೇನೋ. ಹೆದರಿದ ಮನುಷ್ಯ ಯಾರು ವಿವರವಾಗಿ ಮಾತಾಡುತ್ತಾರೋ ಅವರನ್ನು ನಂಬುತ್ತಾನೆ ಸ್ವಾಮಿ.

ಮುಂದಿನ ಸಲ ಬಂದಾಗ ಆ ಕೊಠಡಿಯಲ್ಲಿ ಹೊಸಬರಿದ್ದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಾನು ಕೈ ನಡುಗಿದ್ದನ್ನು ಹೇಳಲು ಶುರು ಮಾಡಿದೆ, ಕತ್ತಿಯ ಮಾತು ಬರುವ ಮೊದಲೇ ಬೆಲ್ ಆಯಿತು. ಗುಮಾಸ್ತ ಬಾಗಿಲಲ್ಲಿ ತಲೆ ಹಾಕಿ, ಮುಂದಿನವರು ಕಾಯುತ್ತಿದ್ದಾರೆ, ಏಳಿ ಎಂದ. ನಾನು ಕುರ್ಚಿಯ ಅಂಚು ಹಿಡಿದುಕೊಂಡೆ.

"ಏಳಲ್ಲ" ಅಂದೆ. "ನನ್ನ ಕೈಯಲ್ಲಿ ಬೇರೆಯವರ ಕತ್ತು ಇರುತ್ತೆ. ಈ ಮಾತ್ರೆ ಬಿಟ್ಟು ಬೇರೆ ಇದೆಯೋ ಇಲ್ವೋ, ತಿಳ್ಕೊಂಡೇ ಹೋಗ್ತೀನಿ."

ಕಾವಲಿನವನನ್ನು ಕರೆಸಿದರು. ಅವನು ನನ್ನ ಗಿರಾಕಿ. ಬಂದು ಬಾಗಿಲಲ್ಲಿ ನಿಂತು ತನ್ನ ಬೂಟನ್ನೇ ನೋಡತೊಡಗಿದ, ಪಾಪ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಆಮೇಲೆ, ಇಷ್ಟು ವರ್ಷ ನಿಮ್ಮ ಆಸ್ಪತ್ರೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು.

"ನೀವು ಏನು ಕೆಲಸ ಮಾಡ್ತೀರಾ?"

ಹೇಳಿದೆ. ನಿಂತೇ ಮಾಡುವ ಕೆಲಸ, ಹೊತ್ತಿಲ್ಲದ ಊಟ, ಟೈರ್ ಅಂಗಡಿಯ ಯಜಮಾನರು, ಎಲ್ಲ. ಅವರು ತಡೆಯದೆ ಕೇಳಿದರು. ನಂತರ ನನಗೆ ಅರ್ಥವಾಗುವಂತೆ ವಿವರಿಸಿದರು. ನಾನು ತೆಗೆದುಕೊಳ್ಳುತ್ತಿದ್ದ ಮಾತ್ರೆ, ಹೊಟ್ಟೆಗೆ ಊಟ ಬಿದ್ದಿರಲಿ ಬಿಡಲಿ, ಮೈಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದಂತೆ. ಊಟ ತಪ್ಪಿದರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಎಷ್ಟೋ ಜನಕ್ಕೆ ಅದು ಒಳ್ಳೆಯ ಮಾತ್ರೆಯೇ, ನನ್ನ ದಿನಚರಿಗೆ ಹೊಂದುವುದಿಲ್ಲ ಅಷ್ಟೇ. ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಇನ್ನೊಂದು ಬಗೆಯಿದೆ, ಹೃದಯಕ್ಕೂ ಮೂತ್ರಪಿಂಡಕ್ಕೂ ಅದರಿಂದ ಅನುಕೂಲವಿದೆ, ಆದರೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗಬಹುದು ಎಂದರು. ನಮ್ಮ ಅಂಗಡಿಯಲ್ಲಿ ಶೌಚಾಲಯವೇ ಇಲ್ಲ, ಮಾರುಕಟ್ಟೆಯ ಆ ತುದಿಗೆ ಹೋಗಬೇಕು ಅಂದೆ. ಅವರು ನಕ್ಕುಬಿಟ್ಟರು, ನಾನೂ ನಕ್ಕೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿಯ ಮಾತೂ ಬಂತು, ನನಗೆ ಅದು ಸದ್ಯಕ್ಕೆ ಬೇಡವೆನಿಸಿತು. ಕೊನೆಗೆ, ಊಟ ತಡವಾದರೂ ಸಕ್ಕರೆಯನ್ನು ಅಷ್ಟಾಗಿ ಕುಸಿಯಲು ಬಿಡದ ಒಂದು ಮಾತ್ರೆಗೆ ಬಂದು ನಿಂತೆವು. ಬಂದು ನಿಂತೆವು ಎಂದೆ, ಗಮನಿಸಿ. ಮೊದಲು ಮೂತ್ರಪಿಂಡದ ಪರೀಕ್ಷೆ ಆಗಲಿ, ಆಮೇಲೆ ಬದಲಾಯಿಸೋಣ, ಅಲ್ಲಿಯವರೆಗೆ ಹಳೆಯದನ್ನು ನೀವಾಗಿಯೇ ನಿಲ್ಲಿಸಬೇಡಿ, ಅದರ ಪ್ರಮಾಣ ಇಳಿಸಿ ಕೊಡುತ್ತೇನೆ, ಜೇಬಲ್ಲಿ ಯಾವಾಗಲೂ ಸಕ್ಕರೆ ಇರಲಿ ಎಂದರು.

ಹೊರಗೆ ಬರುವಾಗ ಬೆಂಚಿನವರೆಲ್ಲ ನನ್ನನ್ನು ಹರಿದು ತಿನ್ನುತ್ತಾರೆ ಎಂದುಕೊಂಡಿದ್ದೆ. ಗೊಣಗಿದವರೂ ಇದ್ದರು, ಸುಳ್ಳು ಹೇಳಲಾರೆ. ಆದರೆ ಕೋಲು ಹಿಡಿದು ಕೂತಿದ್ದ ಒಬ್ಬ ಅಜ್ಜಿ ನನ್ನ ತೋಳು ಹಿಡಿದು ಪಿಸುಗುಟ್ಟಿದರು.

"ಏನಪ್ಪಾ, ಕೇಳಿದ್ರೆ ಹೇಳ್ತಾರಾ?"

ಮಾನ್ಯರೇ, ನಿಮ್ಮ ಆಡಳಿತದ ಬಗ್ಗೆ ನಾನು ಇದಕ್ಕಿಂತ ಕಟುವಾಗಿ ಬರೆಯಲಾರೆ. ಆ ವಯಸ್ಸಿನ ತನಕ ಔಷಧಿ ನುಂಗಿದ ಜೀವಕ್ಕೆ, ಕೇಳಬಹುದು ಎಂಬುದೇ ಸುದ್ದಿಯಾಗಿತ್ತು.

ಪರೀಕ್ಷೆಯಾಯಿತು, ಮಾತ್ರೆ ಬದಲಾಯಿತು. ಮೊದಮೊದಲು ತಲೆನೋವು ಬಂತು, ತಾನಾಗಿ ಹೋಯಿತು. ಕೈ ಮತ್ತೆ ನಡುಗಿಲ್ಲ. ಇದನ್ನು ತಿಳಿಸಿ ಧನ್ಯವಾದ ಹೇಳೋಣವೆಂದು ಬಂದರೆ ಡಾಕ್ಟರಮ್ಮ ಇರಲಿಲ್ಲ. ನಿಗದಿತ ಸಮಯ ಮೀರಿದ್ದಕ್ಕೆ ಅವರನ್ನು ಹಿಂದಿನ ಕಟ್ಟಡಕ್ಕೆ, ರಜೆಯ ಪ್ರಮಾಣಪತ್ರಗಳಿಗೆ ಸಹಿ ಹಾಕುವ ಕೆಲಸಕ್ಕೆ ಕಳಿಸಿದ್ದೀರಂತೆ. ರೋಗಿಯ ಮಾತು ಕೇಳಬಲ್ಲ ವೈದ್ಯರನ್ನು ಹುಡುಕಿ ಹುಡುಕಿ ಮಾತಾಡದ ಕಾಗದಗಳ ನಡುವೆ ಕೂರಿಸಿದ ನಿಮ್ಮ ದಕ್ಷತೆಗೆ ಏನು ಹೇಳಲಿ? ಅದಾದ ಮೇಲೆ ನನಗೆ ನಿಮ್ಮ ನೋಟಿಸು ಬಂತು.

ಸಮಯ ವ್ಯರ್ಥವಾಯಿತು ಅನ್ನುತ್ತೀರಿ. ಆ ಭಾನುವಾರ ಕತ್ತಿ ಇನ್ನಷ್ಟು ಜಾರಿದ್ದರೆ ಯಜಮಾನರ ಗಂಟಲು ಹೊಲಿಯಲು ನಿಮ್ಮ ಎಷ್ಟು ಜನ ಎಷ್ಟು ಹೊತ್ತು ನಿಲ್ಲಬೇಕಾಗುತ್ತಿತ್ತು? ಆಗಲೂ ಬೆಲ್ ಹೊಡೆಸುತ್ತಿದ್ದಿರಾ? ಡಾಕ್ಟರಿಗಿಂತ ನಿನಗೆ ಹೆಚ್ಚು ಗೊತ್ತೇನಯ್ಯ ಎಂದು ನಿಮ್ಮ ಗುಮಾಸ್ತ ಕೇಳಿದ. ಗೊತ್ತಿಲ್ಲ, ಅದಕ್ಕೇ ಕೇಳಿದ್ದು. ಮಾತ್ರೆ ಮೈಯೊಳಗೆ ಏನು ಮಾಡುತ್ತದೆಂದು ಡಾಕ್ಟರಿಗೆ ಗೊತ್ತು. ನಾನು ಯಾವಾಗ ಉಣ್ಣುತ್ತೇನೆ, ಎಲ್ಲಿ ನಿಲ್ಲುತ್ತೇನೆ, ಏನು ಹಿಡಿದಿರುತ್ತೇನೆ ಎಂದು ನನಗೆ ಗೊತ್ತು. ಇವೆರಡೂ ಒಂದು ಕಡೆ ಸೇರದೆ ಬರೆದ ಚೀಟಿ ಕಣ್ಣುಮುಚ್ಚಿ ಕೂದಲು ಕತ್ತರಿಸಿದ ಹಾಗೆ. ನಾನು ಯಾರ ತಲೆಗೂ ಕತ್ತರಿ ಹಾಕುವ ಮೊದಲು ಎಷ್ಟು ಬಿಡಲಿ, ಎಷ್ಟು ತೆಗೆಯಲಿ ಎಂದು ಕೇಳುತ್ತೇನೆ. ಕೆಟ್ಟರೂ ಬೆಳೆಯುವ ಕೂದಲಿಗೇ ಇಷ್ಟು ವಿಚಾರಿಸುವಾಗ, ಕೆಟ್ಟರೆ ಮತ್ತೆ ಬಾರದ ಕಣ್ಣಿಗೂ ಮೂತ್ರಪಿಂಡಕ್ಕೂ ಒಂದು ಮಾತು ಕೇಳಬೇಡವೇ?

ಇನ್ನೊಂದು ವಿಷಯ. ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. ನನ್ನ ತಂಗಿಗೂ ಸಕ್ಕರೆ ಬಂದಿದೆ. ಹೋದ ವಾರ ಗೊತ್ತಾಯಿತು. ಬರುವ ವಾರ ಅವಳು ನಿಮ್ಮಲ್ಲಿಗೆ ಬರುತ್ತಾಳೆ. ಜೊತೆಗೆ ಬರಲೇ ಎಂದರೆ, ಅಂಗಡಿ ಯಾರು ನೋಡ್ತಾರೆ ಎಂದಳು. ಅವಳು ನನ್ನ ಹಾಗಲ್ಲ ಮಾನ್ಯರೇ. ಡಾಕ್ಟರು ತಲೆಯೆತ್ತದಿದ್ದರೆ ಅವಳೂ ತಲೆ ತಗ್ಗಿಸುತ್ತಾಳೆ. ಬೆಲ್ ಆಗುವ ಮೊದಲೇ ಎದ್ದು, ಆಯ್ತು ಡಾಕ್ಟ್ರೇ ಎಂದು ಚೀಟಿ ಮಡಚಿಕೊಂಡು ಬರುತ್ತಾಳೆ. ಯಾವ ಮಾತ್ರೆ ಕೊಟ್ಟರೂ ನುಂಗುತ್ತಾಳೆ. ಕತ್ತಿ ಹಿಡಿದ ಅವಳ ಕೈ ನಡುಗಿದರೆ ಅದನ್ನೂ ಯಾರಿಗೂ ಹೇಳುವುದಿಲ್ಲ.

ಆದ್ದರಿಂದ ನನ್ನದು ಬೇಡಿಕೆ, ಬಿನ್ನಹವಲ್ಲ. ಆ ಬೋರ್ಡು ತೆಗೆಸಿ. ಬೆಲ್ ಬಿಚ್ಚಿಸಿ. ಔಷಧಿ ಶುರುಮಾಡುವಾಗಲೂ ಬದಲಾಯಿಸುವಾಗಲೂ ರೋಗಿಯೊಂದಿಗೆ ಕೂತು ಮಾತಾಡಲು ವೈದ್ಯರಿಗೆ ಬೇಕಾದಷ್ಟು ಹೊತ್ತು ಕೊಡಿ. ಡಾಕ್ಟರಮ್ಮನನ್ನು ಅವರ ಕೊಠಡಿಗೆ ವಾಪಸ್ ಕರೆಸಿ. ನನಗೆ ಚೀಟಿ ಕೊಡದಿದ್ದರೆ ಬಿಡಿ, ಜಗಳವಾಡಿ ತೆಗೆದುಕೊಳ್ಳುವ ಬಾಯಿ ನನಗಿದೆ. ನಾನು ಕೇಳುತ್ತಿರುವುದು ಜಗಳವಾಡಲು ಬಾರದವರ ಪರವಾಗಿ. ಬರುವ ವಾರ ನಿಮ್ಮ ಬಾಗಿಲಲ್ಲಿ ಒಬ್ಬಳು ಹೆಂಗಸು ಏನೂ ಮಾತಾಡದೆ ಬಂದು ಕೂರುತ್ತಾಳೆ. ಅವಳು ಏನು ಕೆಲಸ ಮಾಡುತ್ತಾಳೆ ಎಂದು, ದಯವಿಟ್ಟು, ಯಾರಾದರೂ ಕೇಳಿ.

ಇಂತಿ,
ನಿಮ್ಮ ಕಡತದಲ್ಲಿ 'ವಾಗ್ವಾದಿ ರೋಗಿ' ಎಂದು ನಮೂದಾಗಿರುವ,
ಬಾಯಿ ಮುಚ್ಚಿಕೊಂಡಿರಲು ಪ್ರಯತ್ನಿಸಿ ಸೋತಿರುವ,
ಒಬ್ಬ ಕ್ಷೌರಿಕ