ಅಪ್ಪನ ಎದುರು ಹೇಳದ ಮಾತು

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಏನು ತಿಂದೆ ಅಂತ ಕೇಳಿಯೇ ಕಾಗದ ಶುರು ಮಾಡುವವಳು ನಾನು. ಈ ಸಲ ಆ ಮಾತು ಕೇಳಲು ಭಯವಾಗುತ್ತದೆ.

ಮೊನ್ನೆ ನೀನು ಡಾಕ್ಟರಮ್ಮನ ಮೇಲೆ ರೇಗಿ, ಅವರು ಬರೆದ ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಹೊರಟುಬಿಟ್ಟೆ. ಗೋಧಿ ಆಗದ ಈ ಸೀಲಿಯಾಕ್ ಕಾಯಿಲೆ ಗೊತ್ತಾಗಲು ಮೂರು ವರ್ಷ ಬೇಕಾಯಿತೇ, ಆವತ್ತು ಏನೂ ಇಲ್ಲ, ಬರೀ ಮನಸ್ಸಿನ ಹೆದರಿಕೆ ಅಂದವರು ನೀವೇ ಅಲ್ಲವೇ ಅಂದೆ. ನೀನು ಕೇಳಿದ್ದು ತಪ್ಪಲ್ಲ. ನೀನು ಹೋದಮೇಲೆ ಅವರು ನನ್ನನ್ನು ಕೂರಿಸಿಕೊಂಡು ಹೇಳಿದರು. ಗೋಧಿ ತಿನ್ನುತ್ತಿದ್ದರೆ ಮಾತ್ರ ರಕ್ತದಲ್ಲಿ ಈ ಕಾಯಿಲೆಯ ಗುರುತು ಸಿಗುತ್ತದಂತೆ. ಬಿಟ್ಟಮೇಲೆ ನೋಡಿದರೆ, ಕಳ್ಳ ಊರು ಬಿಟ್ಟಮೇಲೆ ಕಾವಲು ಕೂತ ಹಾಗೆ. ಮೊದಲ ಸಲ ರಕ್ತ ಪರೀಕ್ಷೆ ಮಾಡಿದಾಗ ತಿನ್ನುತ್ತಿದ್ದಳು ತಾನೇ ಅಂತ ಮತ್ತೆ ಕೇಳಿದರು. ನಾನು ಚೀಲದ ಹಿಡಿ ತಿರುವುತ್ತಾ ಕೂತೆ.

ಆ ಪರೀಕ್ಷೆಗೆ ಎರಡು ತಿಂಗಳ ಮುಂಚೆಯೇ ನಿನಗೆ ಬ್ರೆಡ್ಡು ನಿಲ್ಲಿಸಿ ಗಂಜಿ ಕೊಡುತ್ತಿದ್ದೆ, ನೆನಪಿದೆಯಲ್ಲ. ಬ್ರೆಡ್ಡು ತಿಂದಾಗೆಲ್ಲ ನೀನು ಹೊಟ್ಟೆ ಹಿಡಿದು ಮುದುಡಿಕೊಳ್ಳುತ್ತಿದ್ದೆ, ನೋಡಲಾಗುತ್ತಿರಲಿಲ್ಲ. ಬೆಳಗ್ಗೆ ಅಪ್ಪ ತಮ್ಮ ಬೇಕರಿಯಿಂದ ತರುತ್ತಿದ್ದ ನಿನ್ನ ಪಾಲಿನ ಬನ್ನನ್ನು ಅಡುಗೆಮನೆಯಲ್ಲಿ ನಾನೇ ತಿನ್ನುತ್ತಿದ್ದೆ. ಬನ್ನು ಮಗಳಿಗೆ, ಮೈ ಬರುವುದು ಅವಳಮ್ಮನಿಗೆ ಅಂತ ಅವರು ನಗುತ್ತಿದ್ದರು.

ನಿನಗೆ ಗೊತ್ತಿಲ್ಲದ್ದು ಇಷ್ಟು. ಪಕ್ಕದ ಕೋಣೆಯಲ್ಲಿ ನೀನು ರಕ್ತ ಕೊಡುತ್ತಿದ್ದಾಗ, ದಿನಾ ಗೋಧಿ ತಿನ್ನುತ್ತಾಳೆಯೇ ಅಂತ ಡಾಕ್ಟರಮ್ಮ ಕೇಳಿದರು. ತಿನ್ನುತ್ತಾಳೆ ಅಂದೆ. ಪಕ್ಕದಲ್ಲೇ ಅಪ್ಪ. ಮೂವತ್ತು ವರ್ಷ ಹಿಟ್ಟು ನಾದಿದ ಕೈ, ಉಗುರಿನಲ್ಲಿ ಇನ್ನೂ ಮೈದಾ. ನಿಮ್ಮ ಬ್ರೆಡ್ಡೇ ಮಗಳಿಗೆ ಆಗುವುದಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಅಪ್ಪ ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದರು.

ಏನೂ ಇಲ್ಲ ಅಂತ ವರದಿ ಬಂತು. ಮತ್ತೆ ನಿನ್ನ ತಟ್ಟೆಗೆ ಬ್ರೆಡ್ಡು ಹಾಕಿದವಳೂ ನಾನೇ.

ಅಪ್ಪ ಹೋಗಿ ಏಳು ತಿಂಗಳಾಯಿತು. ಇನ್ನು ಯಾರ ಮನಸ್ಸು ನೋಯುತ್ತದೆ ಅಂತ ಮುಚ್ಚಿಡಲಿ. ನಾಳೆ ಹೋಗಿ ಡಾಕ್ಟರಮ್ಮನಿಗೂ ಹೇಳುತ್ತೇನೆ. ಗುರುವಾರ ನೀನು ತಪ್ಪದೆ ಹೋಗು. ಔಷಧಿಯಷ್ಟೇ ಅಲ್ಲ, ಏನು ತಿನ್ನಬೇಕು ಅಂತ ಅವರೇ ಕೂತು ಬರೆದುಕೊಡುತ್ತಾರಂತೆ. ಬೈಯುವುದಿದ್ದರೆ ನನ್ನನ್ನು ಬೈ, ಆದರೆ ಮನೆಗೆ ಬಂದು ಬೈ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ಮತ್ತೆ: ಕಾಗದ ಮಡಿಸುವ ಮುಂಚೆ ಅಪ್ಪನ ಬೇಕರಿ ಅಳತೆಯ ಪುಸ್ತಕ ತೆಗೆದೆ. ನಡುವಿನ ಒಂದು ಹಾಳೆಯಲ್ಲಿ ಅವರ ಅಕ್ಷರ: ಅಕ್ಕಿ ಹಿಟ್ಟು, ಮೊಟ್ಟೆ ಎರಡು. ಗುಬ್ಬಿಗೆ. ಉಬ್ಬಲಿಲ್ಲ, ನಾಳೆ ಇನ್ನೊಮ್ಮೆ. ತಾರೀಖು ನೋಡಿದೆ. ನೀನು ಮೊದಲ ಸಲ ರಕ್ತ ಕೊಟ್ಟದ್ದರ ಹಿಂದಿನ ದಿನ.