ರಂಗುವಿಗೆ ಏನು ತರಲಿ?

ಸಾಗರ
ಸೋಮವಾರ, ೧೭ ನವೆಂಬರ್ ೨೦೨೫

ಪ್ರೀತಿಯ ಅಕ್ಕಾ,

ಹೇಗಿದ್ದೀಯೇ? ನೈಟ್ ಡ್ಯೂಟಿ ಮುಗಿಯುವಷ್ಟರಲ್ಲಿ ಕಾಲು ಊದಿಕೊಳ್ಳುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಯಿತಾ? ಮಸ್ಕತ್ತಿನ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ನರ್ಸಿಗೆ ಕೂರಲು ಒಂದು ಸ್ಟೂಲ್ ಇಲ್ಲವಾ ಎಂದು ಅಮ್ಮ ದಿನಾ ಬೈಯುತ್ತಾಳೆ. ಅವಳು ಕುಟ್ಟಿಕೊಟ್ಟ ಕಷಾಯದ ಪುಡಿಯನ್ನೂ ಈ ಪತ್ರವನ್ನೂ ನಿನ್ನ ರೂಮ್‌ಮೇಟ್ ಕವನಾ ರಜೆ ಮುಗಿಸಿ ಬರುವಾಗ ತರುತ್ತಾಳೆ. ವಾಟ್ಸಾಪಿನಲ್ಲಿ ಬರೆಯಲು ಹೋದರೆ ನಾನು ಅರ್ಧ ಬರೆದು ಡಿಲೀಟ್ ಮಾಡುತ್ತೇನೆ. ಇಂಗ್ಲಿಷ್ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ, ಅಡ್ಜಸ್ಟ್ ಮಾಡಿಕೋ. ಇಲ್ಲಿ ಕಾಲೇಜಿನ ಫಸ್ಟ್ ಇಯರ್ ಹೇಗೋ ನಡೆಯುತ್ತಿದೆ. ಅಕೌಂಟ್ಸ್ ಟೆಸ್ಟ್ ಎಂದರೆ ಈಗಲೂ ಹೆದರಿಕೆ. ಶನಿವಾರ ಮನೆಗೆಂದು ಹೊಸನಗರದ ಬಸ್ಸು ಹತ್ತಿದ ಮೇಲೆಯೇ ಸಮಾಧಾನ. ಬಾಗಿಲಲ್ಲೇ ನಿನ್ನ ಮಗ ರಂಗು ನನ್ನ ಚಪ್ಪಲಿ ಬಿಚ್ಚಲು ಕೂತುಬಿಡುತ್ತಾನೆ.

ಡಿಸೆಂಬರಿನಲ್ಲಿ ಬರುವಾಗ ಏನು ತರಲಿ ಎಂದು ವಾಯ್ಸ್ ಮೆಸೇಜ್ ಕಳಿಸಿದ್ದೆಯಲ್ಲ. "ಎಂತ ತಂದ್ರೆ ಅವ್ನು ನನ್ ಹತ್ರ ಬರ್ತಾನೆ, ಹೇಳೇ ವಿನ್ನಿ" ಎನ್ನುವಾಗ ನಿನ್ನ ದನಿ ಸಣ್ಣದಾಯಿತು. ಅದನ್ನು ಅಮ್ಮನಿಗೆ ಕೇಳಿಸಿಲ್ಲ. ನೀನು ಹೋಗುವಾಗ ಅಂಬೆಗಾಲಿಡುತ್ತಿದ್ದವನು ಈಗ ಓಡುತ್ತಾನೆ. ನಿನ್ನ ವಿಡಿಯೋ ಕಾಲ್ ಬಂದರೆ ಫೋನನ್ನು ತಿರುಗಿಸಿ, ನಿನ್ನ ಉಳಿದ ಮೈ ಎಲ್ಲಿದೆ ಎಂದು ಹಿಂದೆ ಹುಡುಕುತ್ತಾನೆ.

ನೀನು ಕಳಿಸಿದ ಬ್ಯಾಟರಿ ನಾಯಿಯ ಕಥೆ ಕೇಳು. ಸ್ವಿಚ್ ಹಾಕಿದರೆ ಅದೇ ಬೊಗಳುತ್ತದೆ, ಅದೇ ನಡೆಯುತ್ತದೆ, ಅದೇ ಪಲ್ಟಿ ಹೊಡೆಯುತ್ತದೆ. ಇವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಗೋಡೆಗೊರಗಿ, ಯಾರದೋ ಮನೆಗೆ ಬಂದ ನೆಂಟನ ಹಾಗೆ, ಅದು ಮುಗಿಯುವವರೆಗೆ ಕಾದ. ಆಮೇಲೆ ಹೋಗಿ ಅದರ ಹೊಟ್ಟೆಯ ಸ್ಕ್ರೂಗಳನ್ನು ಉಗುರಿನಲ್ಲಿ ಕೆರೆಯತೊಡಗಿದ. ಅಮ್ಮ ಅದನ್ನು ಕಿತ್ತುಕೊಂಡು ಷೋಕೇಸಿನಲ್ಲಿಟ್ಟು ಬೀಗ ಹಾಕಿದಳು. "ಮುರ್ದು ಹಾಕಿದ್ರೆ ಅಪರ್ಣಂಗೆ ಎಂತ ಹೇಳೂದು? ಅವ್ಳು ಬಂದ್ಮೇಲೆ ಅವ್ಳೇ ಕೊಡ್ಲಿ." ಈಗ ನೀನು ಕಳಿಸಿದ ರೈಲು, ಹೆಲಿಕಾಪ್ಟರು, ಹಾಡು ಹೇಳುವ ಪುಸ್ತಕ ಎಲ್ಲ ಅಲ್ಲೇ, ಅಪ್ಪನ ಕಬಡ್ಡಿ ಕಪ್ಪಿನ ಪಕ್ಕ. ರಂಗು ಗಾಜು ನೆಕ್ಕುತ್ತಾನೆ, ಅಮ್ಮ ಒರೆಸುತ್ತಾಳೆ. ಬಾವ ಜೋಗದ ಡ್ಯೂಟಿಯಿಂದ ಬಂದಾಗ ಅಮ್ಮನಿಗೆ ಸ್ವಲ್ಪ ಹೇಳಿ ಎಂದೆ. "ಅತ್ತೆ ಎದ್ರಿಗೆ ನಾನ್ ಬಾಯಿ ಬಿಡೂದಿಲ್ಲ ಮಾರಾಯ್ತಿ" ಎಂದುಬಿಟ್ಟರು.

ಹಾಗಾಗಿ ಅವನಿಗೆ ನಿಜವಾಗಿ ಏನು ಬೇಕೆಂದು ನಾನೇ ಕೂತು ನೋಡಿದೆ. ತೆಗೆಯಲು, ಮುಚ್ಚಲು, ತುಂಬಲು, ಚೆಲ್ಲಲು ಏನಾದರೂ ಸಿಕ್ಕರೆ ಸಾಕು. ಸ್ಟೀಲ್ ಡಬ್ಬಿಗೆ ನಿಂಬೆಹಣ್ಣು ಹಾಕಿ, ಮುಚ್ಚಿ, ಅಲ್ಲಾಡಿಸಿ, ತೆಗೆದು, ಅದು ಇನ್ನೂ ಅಲ್ಲೇ ಇದೆ ಎಂದು ಬೆರಗಾಗಿ ಎಲ್ಲರಿಗೂ ತೋರಿಸುತ್ತಾನೆ. ಇಲ್ಲಿ ಸಾಗರದಲ್ಲಿ ಮರದ ಕೆತ್ತನೆ ಮಾಡುವ ಮುಕುಂದಯ್ಯ ಎನ್ನುವವರ ಅಂಗಡಿಗೆ ಹೋಗಿ, ಒಂದರೊಳಗೊಂದು ಕೂರುವ ಬಟ್ಟಲುಗಳನ್ನು ಆರಿಸಿದೆ. ನನ್ನ ಹೆದರಿಕೆ ನಿನಗೆ ಗೊತ್ತಲ್ಲ, ರಂಗುವಿನ ಹಳೇ ಬೆಳ್ಳಿ ಬಳೆಯನ್ನೂ ಒಯ್ದಿದ್ದೆ. ಅದರೊಳಗೆ ತೂರುವಷ್ಟು ಸಣ್ಣದನ್ನೆಲ್ಲ ಬೇಡವೆಂದು ಆಚೆ ಇಟ್ಟೆ, ಬಾಯಿಗೆ ಹಾಕಿಕೊಂಡರೆ ಎಂದು. ಆಮೇಲೆ ಪಾಲಿಶ್ ಹಚ್ಚಿದ್ದಾರಾ ಎಂದು ನೆಕ್ಕಿ ನೋಡಿದೆ. ಮುಕುಂದಯ್ಯ ಕನ್ನಡಕ ತೆಗೆದು, "ತಂಗೀ, ಹಸಿವಾಗಿದ್ರೆ ಪಕ್ಕದಲ್ಲೇ ಹೋಟ್ಲಿದೆ" ಎಂದರು! ಸಣ್ಣ ಮಗುವಿಗೆ ಎಂದ ಮೇಲೆ ಅಂಚುಗಳನ್ನು ಇನ್ನೊಮ್ಮೆ ಉಜ್ಜಿಕೊಟ್ಟರು.

ಮೊನ್ನೆ ಕೊಟ್ಟಾಗಿನಿಂದ ಅವನು ಆ ಬಟ್ಟಲುಗಳನ್ನು ಬಿಟ್ಟಿಲ್ಲ. ಬಚ್ಚಲಿನಲ್ಲಿ ನೀರು ತುಂಬಿ ನನ್ನ ಕಾಲಿಗೆ ಸುರಿಯುತ್ತಾನೆ. ದೊಡ್ಡ ಬಟ್ಟಲು ಸಣ್ಣದರೊಳಗೆ ಹೋಗದಿದ್ದರೆ ಬೆರಳು ತೋರಿಸಿ ಬಟ್ಟಲಿಗೇ ಬೈಯುತ್ತಾನೆ, ಥೇಟ್ ಅಮ್ಮನ ದನಿ. "ಇಷ್ಟೇ ಸಾಕಿತ್ತಾ ಇವ್ನಿಗೆ" ಎಂದು ಅಮ್ಮನೂ ಕೆಳಗೆ ಕೂತಳು.

ಅಮ್ಮನ ಆಶೀರ್ವಾದ, ಬಾವನ ನೆನಪುಗಳು. ಈ ಹಾಳೆ ಮನೆಯಿಂದಲೇ ತಂದದ್ದು. ಸುಕ್ಕಾದ ಮೂಲೆ ರಂಗು ಅಗಿದದ್ದು, ಮುತ್ತೆಂದು ಇಟ್ಟುಕೋ.

ನಿನ್ನ ತಂಗಿ,
ವಿನಯಾ

ತಾ.ಕ.: ಕವನಾಳ ಆಟೋ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದೆ, ನಾನು ನಿನ್ನ ಪ್ರಶ್ನೆಗೆ ಉತ್ತರವನ್ನೇ ಬರೆದಿಲ್ಲ. ಏನೂ ತರಬೇಡ ಅಕ್ಕಾ. ಚಿಕ್ಕವಳಿದ್ದಾಗ ಭಾನುವಾರ ನೀವೆಲ್ಲ ನನ್ನನ್ನು ನೋಡಲು ಹಾಸ್ಟೆಲಿಗೆ ಬಂದಾಗ ನಾನು ಮೊದಲು ಚೀಲವನ್ನೇ ನೋಡುತ್ತಿದ್ದೆ. ಅದು ಖಾಲಿಯಾಗಿ ಅಮ್ಮನ ಮುಖ ನೋಡುವಷ್ಟರಲ್ಲಿ ನಿಮ್ಮ ಬಸ್ಸಿನ ಹೊತ್ತಾಗಿರುತ್ತಿತ್ತು. ನೀನು ಬರಿಗೈಯಲ್ಲಿ ಬಾ. ಬಂದವಳೇ ಎತ್ತಿಕೊಳ್ಳಬೇಡ, ನೆಲದ ಮೇಲೆ ಸುಮ್ಮನೆ ಕೂತಿರು. ನಿನ್ನ ಮೂಗು, ಕಿವಿ, ಜಡೆ ಎಲ್ಲ ಅವನು ಎಳೆದು ನೋಡಲಿ. ಮೊದಲು ಅಳಬಹುದು, ಬೇಜಾರು ಮಾಡಿಕೊಳ್ಳಬೇಡ. ನಾನಿದ್ದರೆ ಅಳುತ್ತಾ ನನ್ನ ಹತ್ತಿರವೇ ಓಡಿಬರುತ್ತಾನೆ, ಅದಕ್ಕೇ ನೀನು ಬರುವ ದಿನ ನಾನು ಮನೆಗೆ ಬರುವುದಿಲ್ಲ, ಸಾಗರದಲ್ಲೇ ಇರುತ್ತೇನೆ. ಅವನು ತಾನಾಗಿ ನಿನ್ನ ಮಡಿಲು ಹತ್ತಿದ ಕೂಡಲೇ ಫೋನ್ ಮಾಡು. ಮುಂದಿನ ಬಸ್ಸಿಗೇ ಹೊರಟುಬರುತ್ತೇನೆ.